ಸಿಡಿ ತರಹ ಹೊಳೆಯುವ ಕಾರ್ಡ್ ನಮ್ಮ ಸಂಘಕ್ಕೆ ತಗೊಳ್ಳಬಹುದಾ?

ಪ್ರಶ್ನೆ: ನಾನು ಮೂಡಿಗೆರೆ ಕಡೆಯ ಒಂದು ಸಣ್ಣ ಬೆಳೆಗಾರರ ಸಂಘದ ಕಾರ್ಯದರ್ಶಿ. ಸುಮಾರು 900 ಸದಸ್ಯರಿದ್ದಾರೆ. ಗೊಬ್ಬರ ಹಂಚುವಾಗ, ಗೋಡೌನಿಗೆ ಕಾಫಿ ಮೂಟೆ ಹಾಕುವಾಗ ಸದಸ್ಯತ್ವದ ಕಾರ್ಡ್ ನೋಡುತ್ತೇವೆ. ಈಗ ಇರುವುದು ಲ್ಯಾಮಿನೇಶನ್ ಮಾಡಿದ ಕಾಗದ. ಹೋದ ವರ್ಷ ಯಾರೋ ಕಲರ್ ಜೆರಾಕ್ಸ್ ಮಾಡಿದ ಕಾರ್ಡ್ ತಂದು ಇನ್ನೊಬ್ಬರ ಪಾಲಿನ ಗೊಬ್ಬರ ಎತ್ತಿಕೊಂಡು ಹೋದರು. ಹೊಸ ಕಾರ್ಡಿಗೆ ಕೊಟೇಶನ್ ಕೇಳಿದಾಗ ಒಬ್ಬರು ಆಪ್ಟಿಕಲ್ ಕಾರ್ಡ್ ಮಾಡಿಸಿ ಅಂದರು. ಸಿಡಿ ತರಹ ಹೊಳೆಯುವ ಪಟ್ಟಿ ಇರುತ್ತದಂತೆ, ಸದಸ್ಯರ ಪೂರ್ತಿ ದಾಖಲೆ ಅದರೊಳಗೇ ಇಡಬಹುದಂತೆ, ನಕಲು ಆಗುವುದೇ ಇಲ್ಲವಂತೆ. ನಮ್ಮ ಅಕ್ಕನ ಹಳೇ ಅಮೆರಿಕ ಗ್ರೀನ್ ಕಾರ್ಡಿನ ಹಿಂಬದಿಯಲ್ಲಿ ಅಂಥದ್ದೇ ಪಟ್ಟಿ ನೋಡಿದ್ದೆ. ಈಗ ಬಂದಿರುವ ಹೊಸ ಕಾರ್ಡಿನಲ್ಲಿ ಅದು ಇಲ್ಲ. ಅಷ್ಟು ಒಳ್ಳೆಯದಾಗಿದ್ದರೆ ತೆಗೆದಿದ್ದು ಯಾಕೆ? ನಮಗೆ ತಗೊಳ್ಳಬಹುದಾ? ನಮ್ಮ ಗೋಡೌನಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಅನ್ನುವುದು ನೆನಪಿರಲಿ ಸರ್.

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ತಗೊಳ್ಳಬೇಡಿ.

ಆ ತಂತ್ರಜ್ಞಾನ ಕೆಟ್ಟದ್ದು ಅಂತ ಅಲ್ಲ. ನನಗೆ ಅದರ ಮೇಲೆ ತುಂಬಾ ಗೌರವ ಇದೆ. ಆದರೆ ನಿಮ್ಮ ಗೋಡೌನಿನ ಬಾಗಿಲಲ್ಲಿ ಆಗುತ್ತಿರುವ ಮೋಸವನ್ನು ಆ ಹೊಳೆಯುವ ಪಟ್ಟಿ ತಡೆಯುವುದಿಲ್ಲ. ಯಾಕೆ ಅಂತ ಗೊತ್ತಾಗಬೇಕಾದರೆ ಆ ಪಟ್ಟಿ ಏನು, ಅದು ಹೇಗೆ ಕೆಲಸ ಮಾಡುತ್ತಿತ್ತು ಅನ್ನುವುದರಿಂದಲೇ ಶುರು ಮಾಡಬೇಕು.

ಇದನ್ನು ಕಂಡುಹಿಡಿದಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಡ್ರೆಕ್ಸ್ಲರ್ ಟೆಕ್ನಾಲಜಿ ಅನ್ನುವ ಕಂಪನಿ, 1980ರ ದಶಕದ ಶುರುವಿನಲ್ಲಿ. ಅದನ್ನು ಕಟ್ಟಿದವರು ಜೆರೋಮ್ ಡ್ರೆಕ್ಸ್ಲರ್. ಕಾರ್ಡಿಗೆ ಅವರು ಇಟ್ಟ ಹೆಸರು ಲೇಸರ್‌ಕಾರ್ಡ್, ಮುಂದೆ ಕಂಪನಿಯ ಹೆಸರೂ ಅದೇ ಆಯಿತು. ಹಳೇ ಫೋಟೋ ಫಿಲ್ಮಿನಲ್ಲಿ ಜೆಲಟಿನ್ ಒಳಗೆ ಬೆಳ್ಳಿಯ ಕಣಗಳು ಇರುತ್ತಿದ್ದವಲ್ಲ, ಈ ಪಟ್ಟಿಯ ಮೂಲವೂ ಅದೇ. ಬೆಳ್ಳಿಯ ತೀರಾ ಸಣ್ಣ ಕಣಗಳನ್ನು ಮೇಲ್ಪದರದಲ್ಲಿ ಒತ್ತಾಗಿ ಸೇರಿಸಿ ಕನ್ನಡಿಯ ಹಾಗೆ ಹೊಳೆಯುವಂತೆ ಮಾಡುತ್ತಾರೆ. ಆ ಹೊಳಪಿನ ಮೇಲೆ ಸಣ್ಣ ಲೇಸರ್ ಕಿರಣ ಬಿಟ್ಟರೆ ಬಿದ್ದ ಜಾಗ ಕರಗಿ ಹೊಳಪು ಹೋಗುತ್ತದೆ, ಒಂದು ಕಪ್ಪು ಚುಕ್ಕೆ ಉಳಿಯುತ್ತದೆ. ಚುಕ್ಕೆಯ ಅಗಲ ಎರಡು ಮೈಕ್ರಾನ್ ಚಿಲ್ಲರೆ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಅಂತ ಇಟ್ಟುಕೊಂಡರೆ ಎಷ್ಟು ಸಣ್ಣದು ಅಂತ ಅಂದಾಜು ಸಿಗುತ್ತದೆ. ಚುಕ್ಕೆ ಇದ್ದರೆ ಒಂದು ಸಂಕೇತ, ಇಲ್ಲದಿದ್ದರೆ ಇನ್ನೊಂದು. ಅಷ್ಟೇ.

ನಾನು ಒಮ್ಮೆ ಹಾಸನದಲ್ಲಿ ಅವಧಿ ಮುಗಿದ ಇಂಥ ಒಂದು ಕಾರ್ಡನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ನೋಡಿದ್ದೇನೆ. ಬರಿಗಣ್ಣಿಗೆ ಅದೊಂದು ಹೊಳೆಯುವ ಪಟ್ಟಿ, ಓರೆ ಮಾಡಿದರೆ ಸ್ವಲ್ಪ ಬಣ್ಣ ಕಾಣುತ್ತದೆ. ಕೆಳಗೆ ಇಟ್ಟ ತಕ್ಷಣ ಅದು ಸಾಲು ಸಾಲಾಗಿ ಒಡೆದುಕೊಳ್ಳುತ್ತದೆ. ನೇರವಾದ ಗೆರೆಗಳು, ಎರಡು ಗೆರೆಗಳ ನಡುವೆ ಚುಕ್ಕೆಗಳ ಸಾಲು, ಕೆಲವು ಕಡೆ ಒತ್ತಾಗಿ, ಕೆಲವು ಕಡೆ ಬಿಡಿಬಿಡಿಯಾಗಿ, ಆಮೇಲೆ ಇದ್ದಕ್ಕಿದ್ದಂತೆ ಖಾಲಿ ಬಯಲು. ಅಂದರೆ ಅಲ್ಲಿಂದ ಮುಂದೆ ಇನ್ನೂ ಬರೆದಿಲ್ಲ. ಒಬ್ಬ ಮನುಷ್ಯನ ಗುರುತು ಬೆಳ್ಳಿಯ ಮೇಲೆ ಕಣ್ಣಿಗೆ ಕಾಣುವ ಹಾಗೆ ಕೂತಿರುವುದನ್ನು ನೋಡುವುದು ಒಂದು ಅನುಭವವೇ.

ಸಿಡಿ ಗುಂಡಗೆ ತಿರುಗುತ್ತದೆ. ಕಾರ್ಡ್ ತಿರುಗುವುದಿಲ್ಲ, ಯಂತ್ರದೊಳಗೆ ಮಗ್ಗದ ಲಾಳಿಯ ಹಾಗೆ ಆ ಕಡೆಯಿಂದ ಈ ಕಡೆಗೆ ಓಡಾಡುತ್ತದೆ. ಒಂದೊಂದು ಓಟಕ್ಕೆ ಒಂದೊಂದು ಸಾಲು ಓದುತ್ತದೆ. ಅದಕ್ಕೇ ಅದು ನಿಧಾನ. ಲೇಸರ್ ಕಿರಣ ಮೇಲಿನ ಪಾರದರ್ಶಕ ಪ್ಲಾಸ್ಟಿಕ್ ಪದರದ ಮೂಲಕ ಹಾದು ಒಳಗಿನ ಬೆಳ್ಳಿಯ ಮೇಲೆ ಕೇಂದ್ರೀಕರಿಸುತ್ತದೆ, ಹಾಗಾಗಿ ಮೇಲ್ಮೈಯ ಧೂಳು, ಸಣ್ಣ ಗೀರು ಅದಕ್ಕೆ ಮಸುಕಾಗಿ ಕಾಣುತ್ತವೆ, ಅಡ್ಡ ಬರುವುದಿಲ್ಲ. ಅದರ ಮೇಲೂ ತಪ್ಪು ಸರಿಪಡಿಸುವ ಗಣಿತ ಸೇರಿಸಿರುತ್ತಾರೆ. ಒಂದಷ್ಟು ಚುಕ್ಕೆ ಹಾಳಾದರೂ ಉಳಿದವುಗಳಿಂದ ಮೂಲ ಮಾಹಿತಿ ಲೆಕ್ಕ ಹಾಕಿ ತೆಗೆಯಬಹುದು. ಅಯಸ್ಕಾಂತದ ಹತ್ತಿರ ಇಟ್ಟರೆ ಏನೂ ಆಗುವುದಿಲ್ಲ, ಹಳೇ ಎಟಿಎಂ ಕಾರ್ಡಿನ ಕಪ್ಪು ಪಟ್ಟಿಗೆ ಆ ಧೈರ್ಯ ಇರಲಿಲ್ಲ.

ಹಿಡಿಸುವ ಮಾಹಿತಿ ಎಷ್ಟು? ಪಟ್ಟಿಯ ಅಗಲ ನೋಡಿಕೊಂಡು ಸುಮಾರು 1.1ರಿಂದ 2.8 ಮೆಗಾಬೈಟ್. ಈಗಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೋಗೂ ಅದು ಸಾಲದು, ನಿಜ. ಆದರೆ ಆ ಕಾಲದ ಚಿಪ್ ಕಾರ್ಡುಗಳಲ್ಲಿ ಕೆಲವೇ ಕಿಲೋಬೈಟ್ ಹಿಡಿಸುತ್ತಿತ್ತು. ಮುಖದ ಫೋಟೋ, ಬೆರಳಚ್ಚು, ಸಹಿ, ಹೆಸರು, ಜೊತೆಗೆ ನಾಲ್ಕಾರು ಪುಟದ ದಾಖಲೆ, ಎಲ್ಲವನ್ನೂ ಜೇಬಿನ ಕಾರ್ಡಿನಲ್ಲಿ ಇಡಬೇಕು ಅಂದರೆ ಆಗ ಇದನ್ನು ಬಿಟ್ಟರೆ ದಾರಿ ಇರಲಿಲ್ಲ. ಅಮೆರಿಕದ ಸೇನೆ ಸಾಮಾನಿನ ಸಾಗಣೆಯಲ್ಲೂ ಇದನ್ನು ಬಳಸಿತ್ತು. ಯಾವ ಕಂಟೈನರಿನಲ್ಲಿ ಏನೇನಿದೆ ಅನ್ನುವ ಪಟ್ಟಿ ಸರಕಿನ ಜೊತೆಗೇ ಕಾರ್ಡಿನಲ್ಲಿ ಹೋಗುತ್ತಿತ್ತು.

ನನಗೆ ಇದರಲ್ಲಿ ಅತಿ ಹೆಚ್ಚು ಇಷ್ಟವಾದ ಗುಣ ಬೇರೆ. ಇದರಲ್ಲಿ ಒಮ್ಮೆ ಬರೆದದ್ದನ್ನು ಅಳಿಸಲು ಆಗುವುದಿಲ್ಲ. ಕರಗಿದ ಬೆಳ್ಳಿ ಮತ್ತೆ ಹೊಳೆಯುವುದಿಲ್ಲ ಅಲ್ವಾ? ಮಾಹಿತಿ ಬದಲಾಯಿಸಬೇಕು ಅಂದರೆ ಹಳೆಯದನ್ನು ಹಾಗೇ ಬಿಟ್ಟು ಖಾಲಿ ಜಾಗದಲ್ಲಿ ಹೊಸದನ್ನು ಸೇರಿಸಬೇಕು, ಇದೇ ಈಗಿನದು ಅಂತ ಗುರುತು ಹಾಕಬೇಕು. ಹಳೆಯದು ಅಲ್ಲೇ ಉಳಿಯುತ್ತದೆ. ಯಾರು ಏನು ತಿದ್ದಿದರು ಅನ್ನುವುದಕ್ಕೆ ಕಾರ್ಡೇ ಸಾಕ್ಷಿ. ಜೊತೆಗೆ ಅದೇ ಲೇಸರಿನಿಂದ ಪಟ್ಟಿಯ ಮೇಲೆ ಕಣ್ಣಿಗೆ ಕಾಣುವ ಚಿತ್ರವನ್ನೂ ಕೊರೆಯಬಹುದು. ಗ್ರೀನ್ ಕಾರ್ಡಿನ ಪಟ್ಟಿಯಲ್ಲಿ ಕಾರ್ಡ್ ಯಾರದೋ ಅವರದೇ ಮುಖ ಸಣ್ಣದಾಗಿ ಕೊರೆದಿರುತ್ತಿತ್ತು. ನಿಮ್ಮ ಅಕ್ಕನವರ ಹಳೇ ಕಾರ್ಡನ್ನು ಬೆಳಕಿಗೆ ಓರೆ ಹಿಡಿದು ನೋಡಿ. 2010ಕ್ಕಿಂತ ಮೊದಲಿನದಾದರೆ ಅಮೆರಿಕದ ಅಧ್ಯಕ್ಷರುಗಳ ಪುಟ್ಟ ಮುಖಗಳು, ರಾಜ್ಯಗಳ ಬಾವುಟಗಳು ಸಾಲಾಗಿ ಕಾಣಬಹುದು, ಭೂತಗನ್ನಡಿ ಇದ್ದರೆ ಇನ್ನೂ ಚೆನ್ನ. ಅಂಥ ಚಿತ್ರವನ್ನು ಸಾಮಾನ್ಯ ಪ್ರಿಂಟರಿನಿಂದ ಮಾಡಲು ಆಗುವುದೇ ಇಲ್ಲ. ಕಾಗದಕ್ಕೆ ಮಸಿ ಹಚ್ಚುವ ಯಂತ್ರ ಬೇರೆ, ಬೆಳ್ಳಿ ಕರಗಿಸುವ ಯಂತ್ರ ಬೇರೆ. ನಿಮ್ಮ ಮಾರಾಟಗಾರರು ನಕಲು ಆಗುವುದಿಲ್ಲ ಅಂದಿದ್ದು ಈ ಅರ್ಥದಲ್ಲಿ ಸರಿ.

ಅಮೆರಿಕ 1997ರಲ್ಲಿ ಗ್ರೀನ್ ಕಾರ್ಡಿಗೆ ಈ ಪಟ್ಟಿ ತಂದಿತು. ಮರುವರ್ಷ ಮೆಕ್ಸಿಕೊ ಗಡಿ ದಾಟುವವರ ಕಾರ್ಡಿಗೂ ಬಂತು, ಜನ ಅದನ್ನು ಲೇಸರ್ ವೀಸಾ ಅಂತಲೇ ಕರೆಯುತ್ತಿದ್ದರು. ಕೆನಡಾ 2002ರಲ್ಲಿ ಶುರು ಮಾಡಿದ ಕಾಯಂ ನಿವಾಸಿ ಕಾರ್ಡಿನಲ್ಲೂ ಇತ್ತು. ಇಟಲಿ ತನ್ನ ಎಲೆಕ್ಟ್ರಾನಿಕ್ ಗುರುತಿನ ಚೀಟಿಯಲ್ಲಿ ಒಂದೇ ಕಾರ್ಡಿಗೆ ಚಿಪ್ಪನ್ನೂ ಈ ಪಟ್ಟಿಯನ್ನೂ ಹಾಕಿತು. ಸೌದಿ ಅರೇಬಿಯಾ ಕೂಡ ಬಳಸಿತು. ಐಎಸ್‌ಒ 11693, 11694 ಅಂತ ಇದಕ್ಕೇ ಅಂತರರಾಷ್ಟ್ರೀಯ ಮಾನದಂಡಗಳೂ ಬಂದವು.

ಹಾಗಾದರೆ ತೆಗೆದಿದ್ದು ಯಾಕೆ?

ಓದುವ ಯಂತ್ರ ಎಲ್ಲ ಕಡೆ ಇರಲಿಲ್ಲ. ನನ್ನ ಪ್ರಕಾರ ಇದೇ ದೊಡ್ಡ ಕಾರಣ. ಈ ಕಾರ್ಡನ್ನು ಓದಲು ಇದಕ್ಕೇ ಮಾಡಿದ ಯಂತ್ರ ಬೇಕು, ಅದು ದುಬಾರಿ, ಒಳಗೆ ಓಡಾಡುವ ಭಾಗಗಳಿವೆ, ಮಾಡುವ ಕಂಪನಿಗಳೂ ಬೆರಳೆಣಿಕೆ. ಅಮೆರಿಕ ಲಕ್ಷಾಂತರ ಕಾರ್ಡ್ ಹಂಚಿತು. ಆದರೆ ಗಡಿ ಠಾಣೆಗಳಲ್ಲಿ ವರ್ಷಗಟ್ಟಲೆ ಅದನ್ನು ಓದುವ ಯಂತ್ರ ಇರಲಿಲ್ಲ. ಅಧಿಕಾರಿ ಕಾರ್ಡನ್ನು ಕೈಯಲ್ಲಿ ಹಿಡಿದು, ಮುಖ ನೋಡಿ, ಹೋಗಿ ಅನ್ನುತ್ತಿದ್ದ. ಬೆರಳಚ್ಚು ಕಾರ್ಡಿನೊಳಗೇ ಇತ್ತು, ಅದನ್ನು ತೆಗೆದು ಹೋಲಿಸುವವರು ಇರಲಿಲ್ಲ. ಎಷ್ಟೇ ಗಟ್ಟಿ ಬೀಗ ಮಾಡಿದರೂ ಬಾಗಿಲು ಹಾಕಿದೆಯಾ ಅಂತ ನೋಡುವವರು ಇಲ್ಲದಿದ್ದರೆ ಏನು ಪ್ರಯೋಜನ?

ಅಷ್ಟರಲ್ಲಿ ಚಿಪ್ ಬೆಳೆಯಿತು. ಪಾಸ್‌ಪೋರ್ಟಿನೊಳಗೆ ಚಿಪ್ ಇಡಲು ಅಂತರರಾಷ್ಟ್ರೀಯ ನಿಯಮ ಬಂತು, ಮುಟ್ಟದೆ ಹತ್ತಿರ ಹಿಡಿದರೆ ಓದುವ ಯಂತ್ರಗಳು ವಿಮಾನ ನಿಲ್ದಾಣಗಳಿಗೆಲ್ಲ ಬಂದವು. ಚಿಪ್ಪಿಗೆ ಲೆಕ್ಕ ಮಾಡುವ ಶಕ್ತಿ ಇದೆ, ತನ್ನೊಳಗಿನ ಗುಟ್ಟನ್ನು ಹೊರಗೆ ಬಿಡದೆ ತಾನು ಅಸಲಿ ಅಂತ ಸಾಬೀತು ಮಾಡಬಲ್ಲದು. ಬೆಳ್ಳಿಯ ಪಟ್ಟಿಗೆ ಅದು ಆಗದು, ಅದು ಬರೆದಿಟ್ಟ ಪುಟ ಮಾತ್ರ. ಇನ್ನೊಂದು ಕಡೆ ನೆಟ್‌ವರ್ಕ್ ಬಂತು. ಪೂರ್ತಿ ದಾಖಲೆ ಸರ್ವರಿನಲ್ಲಿ ಇರುವಾಗ ಕಾರ್ಡಿನಲ್ಲಿ ಒಂದು ನಂಬರ್ ಇದ್ದರೆ ಸಾಕಾಯಿತು. 2010ರ ಹೊಸ ಗ್ರೀನ್ ಕಾರ್ಡಿನಲ್ಲಿ ರೇಡಿಯೋ ಚಿಪ್ ಮತ್ತು ಪಟ್ಟಿ ಎರಡೂ ಇದ್ದವು. 2011ರಲ್ಲಿ ಲೇಸರ್‌ಕಾರ್ಡ್ ಕಂಪನಿ ಗುರುತಿನ ಕಾರ್ಡ್ ಮಾಡುವ ಎಚ್‌ಐಡಿ ಗ್ಲೋಬಲ್ ಕಂಪನಿಯ ಕೈಗೆ ಹೋಯಿತು. ಇಟಲಿ 2016ರ ಹೊಸ ಕಾರ್ಡಿನಲ್ಲಿ ಪಟ್ಟಿ ಬಿಟ್ಟಿತು, ಅಮೆರಿಕ 2017ರ ಮೇ ತಿಂಗಳ ಹೊಸ ವಿನ್ಯಾಸದಲ್ಲಿ ಬಿಟ್ಟಿತು. ಅಕ್ಕನವರ ಹೊಸ ಕಾರ್ಡಿನಲ್ಲಿ ಅದು ಕಾಣದಿರುವುದು ಇದಕ್ಕೇ.

ಈಗ ನಿಮ್ಮ ಗೋಡೌನಿಗೆ ಬರೋಣ.

ನಿಮ್ಮಲ್ಲಿ ಆದ ಮೋಸ ಯಾವ ಥರದ್ದು ಅಂತ ಬಿಡಿಸಿ ನೋಡಬೇಕು. ಇಲ್ಲದ ಸದಸ್ಯನ ಹೆಸರಲ್ಲಿ ಹೊಸ ಕಾರ್ಡ್ ಹುಟ್ಟಿಸುವುದು ಒಂದು. ಇರುವ ಸದಸ್ಯನ ಅಸಲಿ ಕಾರ್ಡನ್ನು ಹಾಗೇ ನಕಲು ತೆಗೆದು ತರುವುದು ಇನ್ನೊಂದು. ಅಸಲಿ ಕಾರ್ಡನ್ನೇ ಬೇರೆಯವರು ಹಿಡಿದುಕೊಂಡು ಬರುವುದು ಮೂರನೆಯದು. ಮೂರಕ್ಕೂ ಮದ್ದು ಬೇರೆ ಬೇರೆ. ಕಾರ್ಡ್ ಮಾರುವವರು ಹೆಚ್ಚಾಗಿ ಮೊದಲನೆಯದರ ಬಗ್ಗೆ ಮಾತ್ರ ಮಾತಾಡುತ್ತಾರೆ. ನಿಮಗೆ ಆಗಿದ್ದು ಎರಡನೆಯದು. ಮುಂದೆ ಹೆಚ್ಚು ಆಗುವ ಸಾಧ್ಯತೆ ಇರುವುದು ಮೂರನೆಯದು.

ಮೂರನೆಯದಕ್ಕೆ ಯಾವ ಕಾರ್ಡೂ ತಾನಾಗಿಯೇ ಉತ್ತರ ಅಲ್ಲ. ಬೆಳ್ಳಿ ಪಟ್ಟಿ, ಚಿಪ್, ಹೊಲೊಗ್ರಾಂ ಏನೇ ಹಾಕಿ, ಕಾರ್ಡ್ ಅಸಲಿಯೇ ಆಗಿರುತ್ತದೆ, ಹಿಡಿದಿರುವ ಕೈ ಬೇರೆಯವರದು. ಅದನ್ನು ಹಿಡಿಯುವುದು ಮುಖ ನೋಡುವ ಮನುಷ್ಯ. ಹಾಗಾಗಿ ನಿಮ್ಮ ಗೋಡೌನಿನ ಹುಡುಗನ ಕಣ್ಣ ಮುಂದೆ ಸರಿಯಾದ ಫೋಟೋ, ಸರಿಯಾದ ಹೊತ್ತಿಗೆ, ನೆಟ್‌ವರ್ಕ್ ಇಲ್ಲದೆ ಬರಬೇಕು. ನನ್ನ ಸಲಹೆ ಪೂರ್ತಿ ಇದರ ಸುತ್ತಲೇ ಇದೆ.

ಮಾಡಬೇಕಾದ್ದು ಇಷ್ಟು. ಸಾಮಾನ್ಯ ಪಿವಿಸಿ ಕಾರ್ಡ್. ಮುಂದೆ ಹೆಸರು, ಫೋಟೋ, ಸದಸ್ಯತ್ವದ ನಂಬರ್. ಹಿಂದೆ ಒಂದು ಕ್ಯೂಆರ್ ಕೋಡ್, ಆದರೆ ಡಿಜಿಟಲ್ ಸಹಿ ಇರುವ ಕೋಡ್. ಗೋಡೌನಿನಲ್ಲಿ ಒಂದು ಸಾಧಾರಣ ಆಂಡ್ರಾಯ್ಡ್ ಮೊಬೈಲ್, ಅದರಲ್ಲಿ ಸಂಘಕ್ಕೇ ಅಂತ ಮಾಡಿಸಿದ ಸಣ್ಣ ಆ್ಯಪ್, ಆ್ಯಪಿನೊಳಗೆ 900 ಸದಸ್ಯರ ಫೋಟೋ.

ಕ್ಯೂಆರ್ ಕೂಡ ಬೆಳಕಿನಿಂದ ಓದುವ ತಂತ್ರವೇ, ಆ ಬೆಳ್ಳಿ ಪಟ್ಟಿಯ ದೂರದ ನೆಂಟ. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿಯ ಮಸಾಹಿರೊ ಹಾರಾ ಮತ್ತು ಅವರ ಜೊತೆಯವರು ಕಾರಿನ ಬಿಡಿಭಾಗ ಲೆಕ್ಕ ಇಡಲು ಮಾಡಿದ್ದು. ಇದರಲ್ಲೂ ತಪ್ಪು ಸರಿಪಡಿಸುವ ಅದೇ ಬಗೆಯ ಗಣಿತ ಇದೆ. ಇರುವ ನಾಲ್ಕು ಮಟ್ಟಗಳಲ್ಲಿ ಅತಿ ಮೇಲಿನದರಲ್ಲಿ ಸುಮಾರು 30 ಶೇಕಡಾ ಹಾಳಾದರೂ ಓದಬಹುದು. ಅತಿ ದೊಡ್ಡ ಕ್ಯೂಆರ್ 177 ಚೌಕ ಉದ್ದ, 177 ಚೌಕ ಅಗಲ, ಅದರಲ್ಲಿ ಅತಿ ಕೆಳಗಿನ ಮಟ್ಟ ಇಟ್ಟುಕೊಂಡರೆ 2,953 ಬೈಟ್ ಹಿಡಿಸುತ್ತದೆ. ಬೆಳ್ಳಿ ಪಟ್ಟಿಯ ಮುಂದೆ ಇದು ಏನೂ ಅಲ್ಲ. ಆದರೆ ಓದುವ ಯಂತ್ರ ಎಲ್ಲರ ಜೇಬಿನಲ್ಲೂ ಇದೆ, ಗೆಲುವು ಅಲ್ಲಿದೆ.

ಡಿಜಿಟಲ್ ಸಹಿ ಅಂದರೆ ಕಾರ್ಡಿನ ಮೇಲೆ ಕಾರ್ಯದರ್ಶಿಯ ಸಹಿ ಸ್ಕ್ಯಾನ್ ಮಾಡಿ ಹಾಕುವುದಲ್ಲ. ಸಂಘದ ಲ್ಯಾಪ್‌ಟಾಪಿನಲ್ಲಿ ಎರಡು ಕೀಗಳನ್ನು, ಅಂದರೆ ಒಂದಕ್ಕೊಂದು ಜೋಡಿಯಾದ ಎರಡು ಉದ್ದದ ಸಂಖ್ಯೆಗಳನ್ನು, ಹುಟ್ಟಿಸುತ್ತಾರೆ. ಒಂದು ಗುಟ್ಟಿನದು, ಇನ್ನೊಂದು ಬಹಿರಂಗದ್ದು. ಸದಸ್ಯನ ಹೆಸರು, ನಂಬರ್, ಊರು, ಕಾರ್ಡಿನ ಅವಧಿ, ಇಷ್ಟನ್ನೂ ಗುಟ್ಟಿನ ಕೀ ಜೊತೆ ಸೇರಿಸಿ ಲೆಕ್ಕ ಮಾಡಿದರೆ ಒಂದು ಉತ್ತರ ಬರುತ್ತದೆ, ಅದೇ ಸಹಿ. ಅದನ್ನೂ ಕ್ಯೂಆರ್ ಒಳಗೆ ಹಾಕುತ್ತಾರೆ. ಮೊಬೈಲಿನಲ್ಲಿ ಬಹಿರಂಗದ ಕೀ ಮಾತ್ರ ಇರುತ್ತದೆ. ಅದರಿಂದ ಸಹಿ ಸರಿಯಾ ಅಂತ ನೋಡಬಹುದು, ಹೊಸ ಸಹಿ ಮಾಡಲು ಆಗುವುದಿಲ್ಲ. ನಂಬರಿನಲ್ಲಿ ಒಂದು ಅಂಕಿ ಬದಲಾಯಿಸಿದರೂ ಲೆಕ್ಕ ತಾಳೆ ಆಗದೆ ಪರದೆ ಕೆಂಪಾಗುತ್ತದೆ. ಇದಕ್ಕೆ ಇಂಟರ್ನೆಟ್ ಬೇಡ. ನಿಮ್ಮ ಆಧಾರ್ ಕಾರ್ಡಿನ ದೊಡ್ಡ ಕ್ಯೂಆರ್ ಕೆಲಸ ಮಾಡುವುದೂ ಹೀಗೇ. 2018ರಿಂದ ಅದರಲ್ಲಿ ಹೆಸರು, ವಿಳಾಸ, ಫೋಟೋ, ಪ್ರಾಧಿಕಾರದ ಡಿಜಿಟಲ್ ಸಹಿ ಎಲ್ಲ ಇದೆ, ಆಧಾರ್ ನಂಬರಿನ ಕೊನೆಯ ನಾಲ್ಕು ಅಂಕಿ ಮಾತ್ರ ಇದೆ.

ನಿಮ್ಮ ಕೋಡಿಗೆ ಎಷ್ಟು ಜಾಗ ಬೇಕು ಅಂತ ಲೆಕ್ಕ ಹಾಕೋಣ. ಇಡಿ25519 ಅನ್ನುವ ಬಗೆಯ ಡಿಜಿಟಲ್ ಸಹಿಗೆ 64 ಬೈಟ್. ನಂಬರ್ ಮತ್ತು ದಿನಾಂಕಕ್ಕೆ 14. ಹೆಸರು ಕನ್ನಡದಲ್ಲಿ ಹಾಕುವುದಾದರೆ ಒಂದು ವಿಷಯ ಗಮನಿಸಿ, ಇದನ್ನು ಹೊರಗಿನ ಕಂಪನಿಗಳು ಮರೆಯುತ್ತವೆ. ಯೂನಿಕೋಡ್‌ನ ಈಗಿನ ರೂಢಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೆ, ಒಂದೊಂದು ಗುಣಿತ ಚಿಹ್ನೆಗೆ, ಒತ್ತಿನ ಹಲಂತಕ್ಕೂ ಮೂರು ಮೂರು ಬೈಟ್ ಬೇಕು. ಚಂದ್ರೇಗೌಡ ಅಂತ ಬರೆದರೆ ಒಂಬತ್ತು ಚಿಹ್ನೆ, 27 ಬೈಟ್. ಇಂಗ್ಲಿಷ್ ಅಕ್ಷರದಲ್ಲಿ ಅದೇ ಹೆಸರು 12ರಲ್ಲಿ ಮುಗಿಯುತ್ತದೆ. ಆದರೂ ಕನ್ನಡದಲ್ಲೇ ಹಾಕಿಸಿ, ಗೋಡೌನಿನಲ್ಲಿ ಓದುವವರು ಕನ್ನಡದವರು. ಹೆಸರಿಗೆ 60, ಊರಿಗೆ 40 ಅಂತ ಬಿಟ್ಟರೂ ಒಟ್ಟು 180ರ ಒಳಗೆ ಬರುತ್ತದೆ. ಹತ್ತನೇ ಅಳತೆಯ ಕ್ಯೂಆರ್, ಅಂದರೆ 57 ಚೌಕದ್ದು, 15 ಶೇಕಡಾ ಹಾನಿ ತಡೆಯುವ ಮಟ್ಟದಲ್ಲಿ 213 ಬೈಟ್ ಹಿಡಿಯುತ್ತದೆ. ಸುಮಾರು 22 ಮಿಲಿಮೀಟರ್ ಜಾಗ ಸಾಕು. ಸುತ್ತಲೂ ಬಿಳಿ ಅಂಚು ಬಿಡಲೇಬೇಕು, ಅದು ಸೇರಿಯೇ ಈ ಲೆಕ್ಕ. ಕೆಲವರು ಅಂದಕ್ಕೆ ಅಂತ ಆ ಬಿಳಿ ಜಾಗದಲ್ಲಿ ಕಾಫಿ ಗಿಡದ ಚಿತ್ರ ಹಾಕುತ್ತಾರೆ, ಆಮೇಲೆ ಸ್ಕ್ಯಾನ್ ಆಗುವುದಿಲ್ಲ ಅಂತ ಫೋನ್ ಮಾಡುತ್ತಾರೆ.

ಫೋಟೋವನ್ನು ಕೋಡಿನೊಳಗೆ ತುರುಕಬೇಡಿ. ಒಂದೊಂದು ಫೋಟೋ 20 ಕಿಲೋಬೈಟ್ ಅಂದರೂ 900 ಜನಕ್ಕೆ 18 ಮೆಗಾಬೈಟ್, ಯಾವ ಮೊಬೈಲಿಗೂ ಅದು ಭಾರ ಅಲ್ಲ. ಕಾರ್ಡ್ ತೋರಿಸಿದ ತಕ್ಷಣ ಸಹಿ ತಾಳೆ ಆಗಬೇಕು, ಮೊಬೈಲಿನೊಳಗಿನ ಫೋಟೋ ಪರದೆ ತುಂಬಾ ಬರಬೇಕು, ಈ ವರ್ಷ ಎಷ್ಟು ಮೂಟೆ ಗೊಬ್ಬರ ಹೋಗಿದೆ ಅನ್ನುವುದು ಕೆಳಗೆ ಬರಬೇಕು. ಇಲ್ಲೇ ನಿಮ್ಮ ಎರಡನೇ ಮೋಸ ನಿಲ್ಲುತ್ತದೆ. ಕ್ಯೂಆರ್ ಕೋಡನ್ನು ಜೆರಾಕ್ಸ್ ಮಾಡಬಹುದು, ಸಹಿ ಅದನ್ನು ತಡೆಯುವುದಿಲ್ಲ, ನಕಲಿನಲ್ಲೂ ಸಹಿ ಸರಿ ಅಂತಲೇ ತೋರಿಸುತ್ತದೆ. ಇದನ್ನು ಮಾರುವವರು ಹೇಳುವುದಿಲ್ಲ. ಆದರೆ ಕಾರ್ಡಿನ ಮೇಲೆ ಯಾರ ಫೋಟೋ ಅಂಟಿಸಿಕೊಂಡು ಬಂದರೂ ಪರದೆಯಲ್ಲಿ ಬರುವುದು ಸಂಘದ ಬಳಿ ಇರುವ ಫೋಟೋ. ಗೊಬ್ಬರ ಒಮ್ಮೆ ಎತ್ತಿದ್ದರೆ ಎತ್ತಿದೆ ಅಂತ ಬರುತ್ತದೆ.

ನಮ್ಮ ಕಡೆ ಇನ್ನೊಂದು ತೊಡಕು ಇದೆ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸದಸ್ಯರು ತಾವೇ ಬರುವುದು ಕಡಿಮೆ. ಮಗನನ್ನೋ, ತೋಟದ ರೈಟರನ್ನೋ, ಪಿಕಪ್ ಡ್ರೈವರನ್ನೋ ಕಳಿಸುತ್ತಾರೆ. ವಯಸ್ಸಾದ ಅಜ್ಜಿಯ ಹೆಸರಲ್ಲಿ ತೋಟ ಇರುತ್ತದೆ, ಅವರು ಮಳೆಯಲ್ಲಿ ಗೋಡೌನಿಗೆ ಬರಬೇಕು ಅಂತ ಹಟ ಹಿಡಿಯಲು ಆಗುತ್ತದಾ? ಹೀಗೆ ಒಮ್ಮೆ ಫೋಟೋ ತಾಳೆ ಆಗದಿದ್ದರೂ ಬಿಡಲು ಶುರು ಮಾಡಿದರೆ ಪೂರ್ತಿ ವ್ಯವಸ್ಥೆ ಹಾಳಾಗುತ್ತದೆ. ಅದಕ್ಕೆ ಮೊದಲೇ ಜಾಗ ಮಾಡಿ. ಪ್ರತಿ ಸದಸ್ಯರು ಇಬ್ಬರ ಹೆಸರು, ಫೋಟೋ ಬರೆಸಲಿ, ತನ್ನ ಪರವಾಗಿ ಇವರು ಬರಬಹುದು ಅಂತ. ಪರದೆಯಲ್ಲಿ ಮೂರು ಮುಖ ಬರಲಿ, ಯಾರು ಬಂದರು ಅಂತ ಹುಡುಗ ಒತ್ತಲಿ, ಅದು ದಾಖಲಾಗಲಿ. ರೈಟರ್ ಕೆಲಸ ಬಿಟ್ಟರೆ ಆಫೀಸಿಗೆ ತಿಳಿಸಿ ಹೆಸರು ತೆಗೆಸುವುದು ಸದಸ್ಯರ ಹೊಣೆ. ಕಾರ್ಡಿನ ತಂತ್ರಜ್ಞಾನಕ್ಕಿಂತ ಈ ಒಂದು ನಿಯಮ ನಿಮ್ಮನ್ನು ಹೆಚ್ಚು ಕಾಪಾಡುತ್ತದೆ.

ಗೋಡೌನ್ ಒಂದೇ ಆದರೆ ಒಂದೇ ಮೊಬೈಲಿನಲ್ಲಿ ಲೆಕ್ಕ ಮುಗಿಯುತ್ತದೆ. ಎರಡು ಕಡೆ ಹಂಚುವುದಾದರೆ ಸದಸ್ಯರನ್ನು ಊರಿನ ಪ್ರಕಾರ ಎರಡು ಭಾಗ ಮಾಡಿ, ಇಲ್ಲಿನವರಿಗೆ ಅಲ್ಲಿ ಕೊಡಬೇಡಿ. ಸಂಜೆ ಮೊಬೈಲನ್ನು ಪೇಟೆಗೆ ತಂದಾಗ ಆಫೀಸಿನ ಕಂಪ್ಯೂಟರಿಗೆ ಲೆಕ್ಕ ಸೇರಿಸಿ, ಕಳೆದುಹೋದ ಕಾರ್ಡುಗಳ ಪಟ್ಟಿ ಮೊಬೈಲಿಗೆ ಬರಲಿ.

ಎಲ್ಲ ದಾಖಲೆ ಕಾರ್ಡಿನೊಳಗೇ ಇರಬೇಕು ಅನ್ನುವ ಆಸೆ ನನಗೆ ಅರ್ಥ ಆಗುತ್ತದೆ. ಆದರೆ ಕಾರ್ಡ್ ಗದ್ದೆಯಲ್ಲಿ ಬೀಳುತ್ತದೆ, ಪ್ಯಾಂಟಿನ ಜೊತೆ ಒಗೆತಕ್ಕೆ ಹೋಗುತ್ತದೆ. ಕಳೆದರೆ ದಾಖಲೆಯೂ ಹೋಯಿತು ಅಂತ ಆಗಬಾರದು ಅಂದರೆ ಆಫೀಸಿನಲ್ಲಿ ಇನ್ನೊಂದು ಪ್ರತಿ ಇಡಲೇಬೇಕು. ಪ್ರತಿ ಆಫೀಸಿನಲ್ಲಿ ಇದ್ದ ಮೇಲೆ ಕಾರ್ಡಿನಲ್ಲಿ ಮೆಗಾಬೈಟುಗಟ್ಟಲೆ ಯಾಕೆ?

ಚಿಪ್ ಕಾರ್ಡ್ ಬಗ್ಗೆಯೂ ಯಾರಾದರೂ ಬಂದು ಹೇಳುತ್ತಾರೆ, ಅದಕ್ಕೂ ತಯಾರಾಗಿರಿ. ಸ್ಮಾರ್ಟ್ ಕಾರ್ಡ್ ಅಂತ ಮಾರುವುದೆಲ್ಲ ಒಂದೇ ಅಲ್ಲ. ಮೈಫೇರ್ ಕ್ಲಾಸಿಕ್ ಅನ್ನುವ ಚಿಪ್ಪಿನ ಭದ್ರತೆಯನ್ನು 2008ರಲ್ಲೇ ನೆದರ್ಲೆಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಮುರಿದು ತೋರಿಸಿದರು. ಇವತ್ತಿಗೂ ಅದು ಅಗ್ಗಕ್ಕೆ ಮಾರುಕಟ್ಟೆಯಲ್ಲಿ ಸಿಗುತ್ತದೆ. ಹಾಜರಿ ಯಂತ್ರಕ್ಕೆ ಬಳಸುವ 125 ಕಿಲೋಹರ್ಟ್ಸ್ ಕಾರ್ಡುಗಳನ್ನಂತೂ ನಕಲು ಮಾಡುವ ಸಾಧನ ಆನ್‌ಲೈನ್‌ನಲ್ಲೇ ಸಿಗುತ್ತದೆ. ಒಳ್ಳೆಯ ಚಿಪ್ ಬೇಕು ಅಂದರೆ ಡೆಸ್‌ಫೈರ್ ತರಹದ್ದು ತಗೊಳ್ಳಬೇಕು, ಹತ್ತಿರ ಹಿಡಿದರೆ ಚಿಪ್ ಓದುವ ಎನ್‌ಎಫ್‌ಸಿ ಸೌಲಭ್ಯ ಇರುವ ಮೊಬೈಲ್ ಬೇಕು, ಕೀಗಳ ನಿರ್ವಹಣೆ ಗೊತ್ತಿರುವವರು ಬೇಕು. ಕಾರ್ಡಿನಲ್ಲೇ ಹಣದ ಬಾಕಿ ಇಟ್ಟು ಪಾವತಿ ಮಾಡುವ ಯೋಚನೆ ಇದ್ದರೆ ಆ ದಾರಿ ಸರಿ. ಗೊಬ್ಬರ, ಮೂಟೆ ಲೆಕ್ಕಕ್ಕೆ ಸದ್ಯ ಬೇಡ.

ಗುಟ್ಟಿನ ಕೀ ಬಗ್ಗೆ ಮಾತ್ರ ಕಟ್ಟುನಿಟ್ಟಾಗಿರಿ. ಅದು ಯಾರ ಹತ್ತಿರ ಇದೆಯೋ ಅವರು ನಿಮ್ಮ ಸಂಘದ ಹೆಸರಲ್ಲಿ ಎಷ್ಟು ಬೇಕಾದರೂ ಅಸಲಿ ಕಾರ್ಡ್ ಹುಟ್ಟಿಸಬಹುದು. ಕಾರ್ಡ್ ಮಾಡಿಕೊಡುವವರು ನಮ್ಮ ಹತ್ತಿರವೇ ಇರಲಿ ಸರ್, ನಿಮಗೆ ಯಾಕೆ ತಲೆನೋವು ಅನ್ನುತ್ತಾರೆ. ಒಪ್ಪಬೇಡಿ. ಸಂಘದ ಆಫೀಸಿನಲ್ಲೇ, ನಿಮ್ಮ ಎದುರಿಗೇ, ಇಂಟರ್ನೆಟ್‌ಗೆ ಜೋಡಿಸದ ಒಂದು ಲ್ಯಾಪ್‌ಟಾಪಿನಲ್ಲಿ ಕೀ ಹುಟ್ಟಿಸಿ. ಪಾಸ್‌ವರ್ಡ್ ಹಾಕಿ ಎರಡು ಪೆನ್‌ಡ್ರೈವಿಗೆ ಪ್ರತಿ ತೆಗೆಯಿರಿ, ಒಂದು ಬ್ಯಾಂಕ್ ಲಾಕರಿನಲ್ಲಿ ಇರಲಿ. ಅಧ್ಯಕ್ಷರಿಗೂ ಕಾರ್ಯದರ್ಶಿಗೂ ಪಾಸ್‌ವರ್ಡಿನ ಅರ್ಧರ್ಧ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಮುದ್ರಿಸುವವರಿಗೆ ಸಹಿ ಮಾಡಿ ಮುಗಿಸಿದ ಕೋಡಿನ ಚಿತ್ರಗಳನ್ನು ಮಾತ್ರ ಕೊಡಿ.

ಮುದ್ರಣದ ವಿಷಯಕ್ಕೆ ಬಂದರೆ ನಮ್ಮ ಮಳೆಗಾಲವನ್ನು ಮರೆಯಬೇಡಿ. ಪೇಟೆಯ ಫೋಟೋ ಅಂಗಡಿಗಳಲ್ಲಿ ಇಂಕ್‌ಜೆಟ್ ಪ್ರಿಂಟರಿನಲ್ಲಿ ಪಿವಿಸಿ ಕಾರ್ಡ್ ತೆಗೆದುಕೊಡುತ್ತಾರೆ, ನೋಡಲು ಚೆನ್ನಾಗಿರುತ್ತದೆ, ಜುಲೈ ಕಳೆಯುವಷ್ಟರಲ್ಲಿ ಒದ್ದೆ ಕೈ ತಾಗಿ ಬಣ್ಣ ಹರಡುತ್ತದೆ. ರಿಬ್ಬನ್ ಇರುವ ಕಾರ್ಡ್ ಪ್ರಿಂಟರಿನಲ್ಲಿ ಮಾಡಿಸಿ. ಅದರ ರಿಬ್ಬನ್ನಿನಲ್ಲಿ ಮೂರು ಬಣ್ಣದ ಭಾಗದ ಜೊತೆ ಕಪ್ಪು ರೆಸಿನ್ ಅಂತ ಒಂದು ಭಾಗ, ಮೇಲಿನ ರಕ್ಷಣೆಯ ಪದರ ಅಂತ ಇನ್ನೊಂದು ಭಾಗ ಇರುತ್ತದೆ. ಕ್ಯೂಆರ್ ಕೋಡ್ ಆ ಕಪ್ಪು ರೆಸಿನ್‌ನಲ್ಲೇ ಬೀಳಬೇಕು ಅಂತ ಹೇಳಿ. ಮೂರು ಬಣ್ಣ ಬೆರೆಸಿ ಮಾಡಿದ ಕಪ್ಪಿನಲ್ಲಿ ಚೌಕದ ಅಂಚು ಮಸುಕಾಗುತ್ತದೆ, ಮಂದ ಬೆಳಕಿನ ಗೋಡೌನಿನಲ್ಲಿ ಮೊಬೈಲಿಗೆ ಹಿಡಿಯುವುದು ಕಷ್ಟ. ಕಾರ್ಡ್ ಬಂದಾಗ ಬೆರಳುಗುರಿನಿಂದ ಕೋಡಿನ ಮೂಲೆಯನ್ನು ಗೀರಿ ನೋಡಿ, ಒದ್ದೆ ಬಟ್ಟೆಯಿಂದ ಉಜ್ಜಿ, ಆಮೇಲೆ ಸ್ಕ್ಯಾನ್ ಮಾಡಿ. ಕೋಡಿನ ಮೂರು ಮೂಲೆಯಲ್ಲಿ ದೊಡ್ಡ ಚೌಕಗಳಿವೆಯಲ್ಲ, ಕ್ಯಾಮೆರಾ ಮೊದಲು ಹುಡುಕುವುದು ಅವನ್ನೇ. ಅವು ಅಳಿಸಿದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಕಡಿಮೆ. ಅದಕ್ಕೆ ಕೋಡನ್ನು ಕಾರ್ಡಿನ ಅಂಚಿಗೆ ಒತ್ತಿ ಹಾಕಿಸಬೇಡಿ, ಸವೆಯುವುದು ಅಂಚೇ.

ಹೊಲೊಗ್ರಾಂ ಬೇಕಾ ಅಂತ ಕೇಳುತ್ತೀರಿ. ಮಾರುಕಟ್ಟೆಯಲ್ಲಿ ಹಾಳೆಗಟ್ಟಲೆ ಸಿಗುವ ಹೊಳೆಯುವ ಸ್ಟಿಕ್ಕರಿಗೆ ದುಡ್ಡು ಹಾಕಬೇಡಿ, ನೀವು ಕೊಂಡ ಅಂಗಡಿಯಲ್ಲೇ ಬೇರೆಯವರೂ ಕೊಳ್ಳಬಹುದು.

ಕಾರ್ಡಿನ ಮೇಲೆ ಆಧಾರ್ ನಂಬರ್ ಹಾಕಬೇಡಿ, ಕ್ಯೂಆರ್ ಒಳಗೂ ಬೇಡ, ಆಫೀಸಿನ ಎಕ್ಸೆಲ್ ಹಾಳೆಯಲ್ಲೂ ಬೇಡ. ಸದಸ್ಯರ ಗುರುತು ಮೊದಲ ಸಲ ಖಚಿತ ಮಾಡಿಕೊಳ್ಳಲು, ಅವರು ಒಪ್ಪಿದರೆ, ಆಧಾರ್ ಕ್ಯೂಆರನ್ನು ಪ್ರಾಧಿಕಾರದ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿ ಮುಖ, ಹೆಸರು ತಾಳೆ ನೋಡಿ, ನೋಡಿದೆ ಅಂತ ಟಿಕ್ ಹಾಕಿ ವಾಪಸ್ ಕೊಡಿ. ಗೋಡೌನಿನ ಮೊಬೈಲಿನಲ್ಲಿ 900 ಮನೆಯವರ ಫೋಟೋ ಇರುತ್ತದೆ, ಅದಕ್ಕೆ ಸ್ಕ್ರೀನ್ ಲಾಕ್ ಬೇಕು, ವಾಟ್ಸ್ಆ್ಯಪ್ ಬೇಡ, ರಾತ್ರಿ ಅದು ಯಾರ ಮನೆಗೂ ಹೋಗಬಾರದು.

ಮಾರಾಟಗಾರರು ಮತ್ತೆ ಬಂದಾಗ ಇಷ್ಟು ಕೇಳಿ. ನೀವು ಕೊಡುವ ಕಾರ್ಡನ್ನು ನನ್ನ ಗೋಡೌನಿನಲ್ಲಿ ಯಾವ ಯಂತ್ರ ಓದುತ್ತದೆ, ಅದು ಕೆಟ್ಟರೆ ಚಿಕ್ಕಮಗಳೂರಿನಲ್ಲಿ ರಿಪೇರಿ ಆಗುತ್ತದಾ? ನೆಟ್‌ವರ್ಕ್ ಇಲ್ಲದಾಗ ಏನೇನು ತೋರಿಸುತ್ತದೆ, ಈಗಲೇ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ ತೋರಿಸಿ. ಕೀ ಯಾರ ಹತ್ತಿರ? ನಾಳೆ ನಿಮ್ಮ ಕಂಪನಿ ಮುಚ್ಚಿದರೆ ನಮ್ಮ ಮಾಹಿತಿ ಯಾವ ರೂಪದಲ್ಲಿ ನಮ್ಮ ಕೈಗೆ ಬರುತ್ತದೆ? ಇವಕ್ಕೆ ಬರಹದಲ್ಲಿ ಉತ್ತರ ಕೊಡದವರ ಕೊಟೇಶನ್ ಪಕ್ಕಕ್ಕಿಡಿ, ಕಾರ್ಡ್ ಎಷ್ಟೇ ಹೊಳೆಯಲಿ.

ಒಂದೇ ಸಲ 900 ಕಾರ್ಡ್ ಮಾಡಿಸಬೇಡಿ. ಒಂದೇ ಊರಿನ ಮೂವತ್ತು ನಲವತ್ತು ಸದಸ್ಯರಿಗೆ ಕೊಟ್ಟು ಮಳೆ ಮುಗಿದ ಮೇಲಿನ ಗೊಬ್ಬರ ಹಂಚಿಕೆಯಲ್ಲಿ ನಡೆಸಿ ನೋಡಿ. ಎಷ್ಟು ಜನ ಬೇರೆಯವರನ್ನು ಕಳಿಸಿದರು, ಎಷ್ಟು ಕಾರ್ಡ್ ಸ್ಕ್ಯಾನ್ ಆಗಲಿಲ್ಲ, ಒಬ್ಬರಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ಹುಡುಗ ಬರೆದಿಡಲಿ. ಉಳಿದವರಿಗೆ ಕೊಡುವಾಗ ಹಳೇ ಕಾಗದದ ಕಾರ್ಡ್ ಯಾವ ದಿನದಿಂದ ನಡೆಯುವುದಿಲ್ಲ ಅಂತ ನೋಟಿಸ್ ಬೋರ್ಡಿಗೆ ಹಾಕಿ, ಸಂಘದ ಮಹಾಸಭೆಯಲ್ಲೂ ಹೇಳಿ. ಆ ದಿನದ ನಂತರ ಹಳೆಯದು ಹಿಡಿದು ಬಂದವರಿಗೆ, ಎಷ್ಟೇ ಪರಿಚಯದವರಾಗಿರಲಿ, ಹೊಸದು ಮಾಡಿಸಿಕೊಟ್ಟ ಮೇಲೆಯೇ ಮೂಟೆ ಕೊಡಿ.